ಬೇಟೆ ಚಾಕುವಿಗೆ ಇಟ್ಟ ಬೊಟ್ಟು

ದಕ್ಷಿಣಗೋಳದ ನೆಲ್ಸನ್ ಊರಿನಲ್ಲಿ ಬಂದರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಬ್ರೆಂಡಾಳ ಅಂಗಡಿ ಇದೆ. ಮೀನು ಹಿಡಿಯುವವರಿಗೆ, ಬೇಟೆಗೆ ಹೋಗುವವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದೆ. ಬಾಗಿಲು ದಾಟಿದರೆ ಎಡಕ್ಕೆ ಗಾಳಗಳು, ಬಲಕ್ಕೆ ಬೂಟುಗಳು, ಎಲ್ಲಕ್ಕಿಂತ ಹಿಂದೆ ಗಾಜಿನ ಕಪಾಟಿನಲ್ಲಿ ಚಾಕುಗಳು. ಆ ಕಪಾಟಿನ ಹಿಂದೆ ನಿಂತು ಬೇಟೆ ಚಾಕು ಮಾರುವವಳು ಮೈಸೂರಿನ ಕೃಪಾ. ಮೊಟ್ಟೆಯನ್ನೂ ಮುಟ್ಟದ ಮನೆಯವಳು.

ಅವಳು ಇಲ್ಲಿ ಸೇರಿದ್ದು ಚಾಕು ಮಾರುವುದಕ್ಕಲ್ಲ. ಗಂಡ ಶ್ರೀಕರ್ ಸೇಬು ಕೆಡದಂತೆ ಇಡುವ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ, ಇಡೀ ದಿನ ಮನೆಯಲ್ಲೇ ಇರುತ್ತಾನೆ. ಕೃಪಾಳಿಗೆ ಮನೆಯಿಂದ ಹೊರಗೆ ಹೋಗಬೇಕಿತ್ತು, ಆದರೆ ಯಾರ ಜೊತೆಯೂ ಹೆಚ್ಚು ಮಾತಾಡಬಾರದಿತ್ತು. ಅವಳದು ಹುಟ್ಟಾ ಸಂಕೋಚದ ಸ್ವಭಾವ. ಡೆಂಟಿಸ್ಟಿಗೆ ಫೋನು ಮಾಡಬೇಕಾದರೂ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಳ್ಳುವವಳು. ಬ್ರೆಂಡಾಳ ಅಂಗಡಿಯ ಹಿಂಬದಿಯಲ್ಲಿ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವ ಕೆಲಸ ಸಿಕ್ಕಿದಾಗ ಅವಳಿಗೆ ಸ್ವರ್ಗವೇ ಸಿಕ್ಕಂತಾಗಿತ್ತು. ಪೆಟ್ಟಿಗೆಗಳು ತಿರುಗಿ ಮಾತಾಡುವುದಿಲ್ಲ.

ಒಮ್ಮೆ ಗಿರಾಕಿಯೊಬ್ಬ ತುಕ್ಕು ಹಿಡಿದ ಚಾಕುವನ್ನು ತಂದು ಕೌಂಟರಿನ ಮೇಲೆ ಕುಕ್ಕಿ, ಇದು ಎಂಥ ಮಾಲು ಎಂದು ಬೈದು ಹೋದ. ಬ್ರೆಂಡಾ ಅದನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದಳು. ಕೃಪಾ ಸುಮ್ಮನೆ ಕೈಚಾಚಿ ತೆಗೆದುಕೊಂಡಳು. ಮರುದಿನ ಅದು ಹೊಸದರಂತೆ ಹೊಳೆಯುತ್ತಾ ಮೇಜಿನ ಮೇಲಿತ್ತು. ಹೇಗೆ ಮಾಡಿದೆ ಎಂದು ಬ್ರೆಂಡಾ ಕೇಳಿದರೆ, ನಮ್ಮ ಮನೆಯಲ್ಲಿ ಈಳಿಗೆಮಣೆ ಇತ್ತು ಎಂದಳು. ಈಳಿಗೆಮಣೆ ಎಂದರೇನು ಎಂದು ಬ್ರೆಂಡಾಳಿಗೆ ವಿವರಿಸುವುದಕ್ಕೆ ಒಂದು ಮಧ್ಯಾಹ್ನವೇ ಹಿಡಿಯಿತು. ಮಣೆಯ ಮೇಲೆ ಕೂರುವುದು, ಅಲಗು ನಿಂತಲ್ಲೇ ನಿಂತಿರುವುದು, ತರಕಾರಿಯನ್ನೇ ಅದರ ಹತ್ತಿರ ಒಯ್ಯುವುದು. ಅಪ್ಪಟ ಕಬ್ಬಿಣ. ಮಾವಿನಕಾಯಿ ಹೆಚ್ಚಿದ ಮೇಲೆ ಹಾಗೇ ಬಿಟ್ಟರೆ ಅಲಗು ಕಪ್ಪಾಗುತ್ತದೆ, ಮರುದಿನ ಹುಳಿಯಲ್ಲಿ ಕಬ್ಬಿಣದ ವಾಸನೆ. ಅಮ್ಮ ಹೆಚ್ಚಿದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮಳೆಗಾಲದಲ್ಲಾದರೆ ಒಂದು ತೊಟ್ಟು ಹರಳೆಣ್ಣೆ ಸವರಿ ಗೋಡೆಗೆ ಒರಗಿಸಿಡುತ್ತಿದ್ದಳು. ಮಕ್ಕಳು ಮರೆತರೆ ಅವತ್ತು ಸಂಜೆಯವರೆಗೂ ಬೈಗುಳ.

ಹಾಗೆ ಕೃಪಾ ಹಿಂಬದಿಯಿಂದ ಚಾಕುವಿನ ಕಪಾಟಿಗೆ ಬಂದಳು. ಮಾರುವುದಕ್ಕೂ ಅವಳದೇ ಒಂದು ರೀತಿ ಬೆಳೆಯಿತು. ಏನನ್ನು ಬೇಟೆಯಾಡುತ್ತೀರಿ ಎಂದು ಅವಳು ಕೇಳುವುದೇ ಇಲ್ಲ. ಕೇಳುವುದು ಒಂದೇ ಪ್ರಶ್ನೆ: ಗುಡ್ಡದಿಂದ ಮನೆಗೆ ಬಂದ ಕೂಡಲೇ ಏನು ಮಾಡುತ್ತೀರಿ? ಬ್ಯಾಗನ್ನು ಗ್ಯಾರೇಜಿಗೆ ಎಸೆದು ಬಿಯರ್ ತೆರೆಯುತ್ತೇನೆ ಎಂದವರಿಗೆ ತುಕ್ಕು ಹಿಡಿಯದ ಸ್ಟೀಲಿನ ಚಾಕು. ಎಲ್ಲ ತೊಳೆದಿಟ್ಟ ಮೇಲೆಯೇ ಸ್ನಾನ ಎಂದವರಿಗೆ ಮಾತ್ರ ಜಪಾನಿನ ಕೈಕೆಲಸದ ಚಾಕುಗಳ ಖಾನೆಯನ್ನು ತೆರೆಯುತ್ತಾಳೆ. ಅಲ್ಲಿರುವುದು ಕುಲುಮೆಯಲ್ಲಿ ಬಡಿದ ಉಕ್ಕು. ಹರಿತ ಹೆಚ್ಚು, ಹರಿತ ಬಹಳ ಕಾಲ ನಿಲ್ಲುತ್ತದೆ, ಆದರೆ ನೀರು ಕಂಡರೆ ಮುನಿಸಿಕೊಳ್ಳುತ್ತದೆ.

ಹೋದ ವರ್ಷ ವಸಂತದಲ್ಲಿ ಮಂಜುನಾಥ್ ಅಂಗಡಿಗೆ ಬಂದ. ಮಂಡ್ಯ ಕಡೆಯವನು, ಹತ್ತಿರದ ಸೇಬಿನ ತೋಟಗಳಲ್ಲಿ ಆಳುಗಳ ಮೇಲ್ವಿಚಾರಕ. ಮಣ್ಣು ಮೆತ್ತಿದ ಯೂಟ್ ಪಿಕಪ್ ಗಾಡಿ ನಿಲ್ಲಿಸಿ, ಗಂಬೂಟು ಬಾಗಿಲಲ್ಲೇ ಬಿಟ್ಟು, ಸಾಕ್ಸಿನಲ್ಲೇ ನಡೆದುಕೊಂಡು ಬಂದ. ಕೃಪಾಳ ಎದೆಯ ಮೇಲಿದ್ದ ಹೆಸರಿನ ಬಿಲ್ಲೆ ಓದಿ, ಊರು ಕೇಳಿ, ಕನ್ನಡ ಶುರುಮಾಡಿದ.

"ಮೈಸೂರಾ? ನೀವು ಈ ಪುಳಿಚಾರು ಪೈಕಿ ಅಲ್ವಾ?"

"ಹೂಂ."

"ಮತ್ತೆ ಬೇಟೆ ಚಾಕು ಮಾರ್ತೀರಿ. ಹೆಂಗೆ ಮೇಡಮ್ಮಾರೆ ಇದು?"

ಕೃಪಾ ಅವನ ಮುಖ ನೋಡದೆ ಕಪಾಟಿನ ಗಾಜು ಒರೆಸುತ್ತಾ ಹೇಳಿದಳು. "ಬಳೆ ಅಂಗಡಿ ಶೆಟ್ಟರು ಬಳೆ ತೊಡ್ತಾರಾ?"

ಮಂಜುನಾಥ್ ಅಂಗಡಿಯೆಲ್ಲ ಕೇಳುವ ಹಾಗೆ ನಕ್ಕ. ಅವನಿಗೆ ಬೇಕಿದ್ದದ್ದು ಉಡುಗೊರೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಅವನಿಗೆ ಗಿಡ ಸವರುವುದನ್ನು ಕಲಿಸಿದ್ದು, ಗುಡ್ಡ ಹತ್ತಿಸಿದ್ದು, ಜಿಂಕೆಯ ಜಾಡು ಹಿಡಿಯುವುದನ್ನು ತೋರಿಸಿದ್ದು ಪಕ್ಕದ ಮನೆಯ ಮುದುಕ ಡಗ್. ಆ ಡಗ್‌ಗೆ ಮುಂದಿನ ವಸಂತಕ್ಕೆ ಎಪ್ಪತ್ತು ತುಂಬುತ್ತದೆ. ಅವನ ಹಳೆಯ ಚಾಕು ಹೊಳೆ ದಾಟುವಾಗ ನೀರಿಗೆ ಬಿದ್ದು ಹೋಗಿತ್ತು.

ಮಂಜುನಾಥ್ ಬೆರಳು ತೋರಿಸಿದ್ದು ಜಿಂಕೆಕೊಂಬಿನ ಹಿಡಿಯಿದ್ದ, ಅಲಗಿನ ತುಂಬ ಅಲೆ ಅಲೆ ಚಿತ್ತಾರವಿದ್ದ ದೊಡ್ಡ ಚಾಕುವನ್ನು. "ಇದು ಕೊಡಿ. ನೋಡಕ್ಕೆ ಖದರಾಗೈತೆ."

"ಇದನ್ನ ಕೊಟ್ಟರೆ ಅವರು ಗೋಡೆಗೆ ನೇತುಹಾಕ್ತಾರೆ. ಅವರ ಕೈ ಹೇಗಿದೆ?"

"ಕೈ ಕೈ ತರಾನೇ ಐತೆ."

"ಅವರ ಹಳೇ ಗ್ಲೌಸ್ ಒಂದು ತಂದುಕೊಡಿ. ಆಮೇಲೆ ಹೇಳ್ತೀನಿ."

"ಚಾಕು ತಗಳಕ್ಕೆ ಬಂದ್ರೆ ಜಾತಕ ಕೇಳ್ತೀರಲ್ರೀ," ಎಂದು ಗೊಣಗುತ್ತಾ ಹೋದರೂ ಮುಂದಿನ ವಾರ ತೋಟದಲ್ಲಿ ಬಿದ್ದಿದ್ದ ಡಗ್‌ನ ಬಲಗೈ ಗ್ಲೌಸನ್ನು ತಂದುಕೊಟ್ಟ. ಕೃಪಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳ ಚರ್ಮ ಸವೆದು ತೂತಾಗಿತ್ತು. ಕಡೆಯ ಎರಡು ಬೆರಳುಗಳು ಅಂಗಡಿಯಿಂದ ತಂದ ಹಾಗೇ ಇದ್ದವು.

"ಇವರಿಗೆ ಕಿರುಬೆರಳು, ಉಂಗುರದ ಬೆರಳು ಮಡಿಸಕ್ಕಾಗಲ್ಲ, ಅಲ್ವಾ?"

ಮಂಜುನಾಥ್ ಗ್ಲೌಸನ್ನು ತಾನೂ ತಿರುಗಿಸಿ ನೋಡಿದ. "ಟ್ರ್ಯಾಕ್ಟರ್ ಕೆಳಗೆ ಸಿಕ್ಕಾಕಂಡಿತ್ತಂತೆ. ಅವನು ಯಾರ್ಗೂ ಹೇಳ್ಕಳಲ್ಲ. ನಿಮಗೆಂಗೆ ಗೊತ್ತಾಯ್ತು?"

ಮೂರೇ ಬೆರಳಿನಲ್ಲಿ ಹಿಡಿಯುವವನಿಗೆ ಚಾಕು ಹಗುರವಾಗಿರಬೇಕು. ಅಲಗು ಅಂಗೈ ಉದ್ದ ಇದ್ದರೆ ಸಾಕು. ಹಿಡಿ ದುಂಡಗಿದ್ದರೆ ಒದ್ದೆ ಕೈಯಲ್ಲಿ ತಿರುಗಿಬಿಡುತ್ತದೆ, ಆದ್ದರಿಂದ ಮೊಟ್ಟೆಯಾಕಾರದ್ದು ಬೇಕು, ಹಿಂದಕ್ಕೆ ಹೋದಂತೆ ದಪ್ಪಗಾಗಬೇಕು, ಮಡಿಸಲಾಗದ ಬೆರಳುಗಳು ಅದರ ಮೇಲೆ ಸುಮ್ಮನೆ ಒರಗುವ ಹಾಗೆ. ಇದನ್ನೆಲ್ಲ ಕೃಪಾ ಪುಸ್ತಕ ನೋಡಿ ಹೇಳಲಿಲ್ಲ. ಕಪಾಟಿನಲ್ಲಿದ್ದ ಚಾಕುಗಳನ್ನು ಮನೆಗೊಯ್ದು, ಕಡೆಯ ಎರಡು ಬೆರಳುಗಳಿಗೆ ಬ್ಯಾಂಡೇಜು ಸುತ್ತಿಕೊಂಡು, ಕೈಗೆ ಸೋಪು ಹಚ್ಚಿಕೊಂಡು ಕುಂಬಳಕಾಯಿ ಹೆಚ್ಚಿ ನೋಡಿದ್ದಳು. ಆ ವಾರವಿಡೀ ಶ್ರೀಕರ್‌ಗೆ ಕುಂಬಳಕಾಯಿ ಹುಳಿ, ಕುಂಬಳಕಾಯಿ ಪಲ್ಯ, ಕುಂಬಳಕಾಯಿ ದೋಸೆ.

"ಅವರು ಮನೆಗೆ ಬಂದ ಮೇಲೆ ಏನು ಮಾಡ್ತಾರೆ?" ಎಂದು ತನ್ನ ಮಾಮೂಲಿ ಪ್ರಶ್ನೆ ಕೇಳಿದಾಗ ಮಂಜುನಾಥ್, "ನಾನಿದೀನಲ್ಲ, ನೋಡ್ಕತೀನಿ," ಎಂದುಬಿಟ್ಟ. ಕೃಪಾ ಅದನ್ನು ನಂಬಿದಳು. ಕೊಡುವವನ ಮಾತನ್ನೇ ಪಡೆಯುವವನ ಉತ್ತರ ಎಂದು ಲೆಕ್ಕ ಹಾಕಿದ್ದು ಅವಳ ಮೊದಲ ತಪ್ಪು.

ಅಂಥ ಹಿಡಿಯ ಚಾಕು ಖಾನೆಯಲ್ಲಿರಲಿಲ್ಲ. ಜಪಾನಿನ ತೋಸಾ ಎಂಬ ಸೀಮೆಯಲ್ಲಿ ಒಬ್ಬ ಕಮ್ಮಾರನಿದ್ದ. ಅಪ್ಪ ಸುತ್ತಿಗೆ ಹಿಡಿಯುತ್ತಿದ್ದ, ಇಮೇಲಿಗೆ ಮಗಳು ಉತ್ತರ ಬರೆಯುತ್ತಿದ್ದಳು. ಕೃಪಾ ಗ್ಲೌಸಿನ ಫೋಟೋ ಕಳಿಸಿದಳು. ಒಂದು ವರ್ಷ ಕಾಯಬೇಕು ಎಂದು ಉತ್ತರ ಬಂತು. ಮಂಜುನಾಥ್ ತಿಂಗಳಿಗೊಮ್ಮೆ ಅಂಗಡಿಗೆ ಬಂದು ಚಾಕು ಬಂತಾ ಎಂದು ಕೇಳುವುದು, ಬಂದಿಲ್ಲವೆಂದರೆ ಅಲ್ಲೇ ನಿಂತು ಉಕ್ಕಿನ ಪಾಠ ಕೇಳಿಸಿಕೊಳ್ಳುವುದು ರೂಢಿಯಾಯಿತು. ಡಿಶ್‌ವಾಷರಿಗೆ ಹಾಕಬಾರದು. ಮೂಳೆ ಮೀಟಬಾರದು. ಹುಳಿ ತಾಕಿದರೆ ತಕ್ಷಣ ತೊಳೆಯಬೇಕು. ಅಡುಗೆ ಎಣ್ಣೆ ಅಂಟಾಗುತ್ತದೆ, ಕಮೀಲಿಯಾ ಬೀಜದ ಎಣ್ಣೆಯೇ ಆಗಬೇಕು. ಒದ್ದೆಯಿರುವಾಗ ಒರೆಗೆ ಸೇರಿಸಲೇಬಾರದು.

"ನಮ್ಮವ್ವನ ಮಚ್ಚಿಗೂ ಇಷ್ಟೊಂದು ಸೇವೆ ಇರ್ಲಿಲ್ಲ," ಎನ್ನುತ್ತಿದ್ದ ಮಂಜುನಾಥ್.

ಈ ಅಕ್ಟೋಬರಿನಲ್ಲಿ, ಇಲ್ಲಿಯ ವಸಂತದಲ್ಲಿ, ಚಾಕು ಬಂತು. ಬಂದದ್ದು ಆಯುಧಪೂಜೆಯ ಹಿಂದಿನ ದಿನ, ಡಗ್‌ನ ಹುಟ್ಟುಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ. ಕೃಪಾ ಕಾಗದ ಬಿಚ್ಚಿದಳು. ಅಲಗಿನ ಮೇಲರ್ಧ ಕುಲುಮೆಯಿಂದ ಎದ್ದು ಬಂದ ಕಪ್ಪಿನಲ್ಲೇ ಇತ್ತು, ಕೆಳಗೆ ಹರಿತದ ಬಾಯಿಯುದ್ದಕ್ಕೂ ಬೆಳ್ಳಗಿನ ಪಟ್ಟಿ. ಓಕ್ ಮರದ ಹಿಡಿ, ತೆಳ್ಳನೆಯ ಮರದ ಒರೆ. ಕಡೆಯ ಹರಿತ ತಾನೇ ಕೊಡುತ್ತೇನೆಂದು ಬ್ರೆಂಡಾಳನ್ನು ಕೇಳಿ ಮನೆಗೆ ತಂದಳು.

ಪ್ರತಿವರ್ಷ ಅವಳು ಅಂಗಡಿಯಲ್ಲಿ ಕ್ಯಾಶ್ ಮಷಿನ್ನಿಗೆ, ಏಣಿಗೆ, ಬ್ರೆಂಡಾಳ ವ್ಯಾನಿಗೆ ಕುಂಕುಮ ಇಡುವುದುಂಟು. ಬ್ರೆಂಡಾ ಅದನ್ನು ಸಾಮಾನುಗಳ ಹುಟ್ಟುಹಬ್ಬ ಎಂದು ಕರೆಯುತ್ತಾಳೆ. ಚಾಕುಗಳಿಗೆ ಮಾತ್ರ ಕೃಪಾ ಯಾವತ್ತೂ ಪೆಟ್ಟಿಗೆಯ ಮೇಲೆಯೇ ಬೊಟ್ಟು ಇಟ್ಟವಳು. ಅಷ್ಟು ಎಚ್ಚರ. ಆದರೆ ಈ ಚಾಕು ವರ್ಷವಿಡೀ ಕಾಯಿಸಿ, ಸಮುದ್ರ ದಾಟಿ, ಹಬ್ಬಕ್ಕೆ ಸರಿಯಾಗಿ ಮನೆಗೆ ಬಂದಿತ್ತು. ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಪೂಜೆ ಮಾಡುವುದಕ್ಕೆ ಮನಸ್ಸು ಬರಲಿಲ್ಲ. ಸಾಣೆಕಲ್ಲು, ಕಾರಿನ ಕೀ, ಶ್ರೀಕರ್‌ನ ಲ್ಯಾಪ್‌ಟಾಪ್, ಇವುಗಳ ನಡುವೆ ಬಾಳೆಲೆಯ ಬದಲಿದ್ದ ಸ್ಟೀಲ್ ತಟ್ಟೆಯಲ್ಲಿ ಚಾಕುವನ್ನು ಇಟ್ಟಳು. ಅಲಗಿಗೆ ಮೊದಲು ಎಣ್ಣೆ ಸವರಿದಳು, ಏನೂ ಆಗದಿರಲಿ ಎಂದು. ಎಣ್ಣೆಯ ಮೇಲೆ ಕುಂಕುಮ ನಿಲ್ಲಲಿಲ್ಲ. ಆಗ ಬೊಟ್ಟಿಗೆ ಬೇಕಾದಷ್ಟು ಜಾಗವನ್ನು ಮಾತ್ರ, ಬೆಳ್ಳಗಿನ ಪಟ್ಟಿಯ ಮೇಲೆ, ದುಂಡಗೆ, ಅಚ್ಚುಕಟ್ಟಾಗಿ ಒರೆಸಿ ಎಣ್ಣೆ ತೆಗೆದಳು. ನೀರಿನಲ್ಲಿ ಕಲಸಿದ ಕುಂಕುಮವನ್ನು ಅಲ್ಲಿ ಇಟ್ಟಳು. ಎಷ್ಟು ಚೆನ್ನಾಗಿ ನಿಂತಿತು ಎಂದು ಸಂತೋಷವೂ ಪಟ್ಟಳು.

ಶ್ರೀಕರ್ ಬಂದು ಹುಬ್ಬು ಗಂಟಿಕ್ಕಿದ. "ತುದಿ ಹಾಗೇ ಬಿಟ್ಟಿದೀಯಲ್ಲೇ. ಯಾರಿಗಾದ್ರೂ ಚುಚ್ಚಿದ್ರೆ?"

"ಮನೇಲಿರೋದು ನಾವಿಬ್ರೇ."

"ಆ್ಯಕ್ಸಿಡೆಂಟ್ ಆಗೋಕೆ ಒಬ್ಬರು ಸಾಕು." ಹೀಗೆಂದು ಪೂಜೆಗೆ ತಂದಿದ್ದ ನಿಂಬೆಹಣ್ಣಿನ ಒಂದು ಹೋಳನ್ನು ಚಾಕುವಿನ ತುದಿಗೆ ಚುಚ್ಚಿ ನಿಲ್ಲಿಸಿದ. ಇಬ್ಬರಿಗೂ ಅದು ನೋಡಲು ಲಕ್ಷಣವಾಗಿ ಕಂಡಿತು. ಮಂಗಳಾರತಿ ಆಯಿತು.

ಸಾಯಂಕಾಲ ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದಾಗ ಕೃಪಾ ನೋಡಿದಳು. ಕುಂಕುಮದ ಸುತ್ತ ತೆಳ್ಳಗೆ ಒಂದು ಕಪ್ಪು ಗೆರೆ ಎದ್ದಿತ್ತು. ನಿಂಬೆಹೋಳಿನ ಅಂಚಿನಲ್ಲಿ ಅಲಗು ಬೂದಿಬಣ್ಣಕ್ಕೆ ತಿರುಗಿತ್ತು. ಅವಳು ಎಣ್ಣೆಯನ್ನು ಕೆಳಗಿಟ್ಟು ಶ್ರೀಕರ್‌ನನ್ನು ಕರೆದಳು.

"ಎತ್ತಿ ಒರೆಸಿಬಿಡು," ಎಂದ ಶ್ರೀಕರ್.

"ಇಟ್ಟಿದ್ದನ್ನ ನಾಳೆ ಬೆಳಿಗ್ಗೆ ಪೂಜೆ ಆಗೋವರೆಗೂ ಎತ್ತಬಾರದು."

"ಇಲ್ಲಿ ಯಾರೇ ನೋಡ್ತಾರೆ?"

"ಯಾರೂ ನೋಡಲ್ಲ ಅಂತಲೇ ಎತ್ತಬಾರದು."

"ನನ್ನ ಲ್ಯಾಪ್‌ಟಾಪ್ ನಾನು ಮಧ್ಯಾಹ್ನವೇ ಎತ್ತಿಕೊಂಡೆನಲ್ಲ, ಆಫೀಸ್ ಮೀಟಿಂಗಿಗೆ."

"ಅದನ್ನ ನಾನು ನೋಡಿಲ್ಲ ಅಂದ್ಕೊಂಡಿದೀನಿ."

ಅವಳಿಗೆ ಗೊತ್ತಿತ್ತು, ಒಂದೊಂದು ಗಳಿಗೆಗೂ ತುಕ್ಕು ಒಳಕ್ಕೆ ಇಳಿಯುತ್ತಿದೆ ಎಂದು. ಆದರೂ ಕೈ ಮುಂದೆ ಹೋಗಲಿಲ್ಲ. ವರ್ಷವೆಲ್ಲ ದುಡಿಯುವ ಆಯುಧಕ್ಕೆ ಸಿಗುವುದು ಈ ಒಂದು ದಿನದ ವಿಶ್ರಾಂತಿ. ಅಮ್ಮ ಅವತ್ತು ಈಳಿಗೆಯನ್ನು ಮುಟ್ಟದೆ, ಕೈಯಲ್ಲೇ ಮುರಿದ ಬೀನ್ಸಿನಲ್ಲಿ ಅಡುಗೆ ಮುಗಿಸುತ್ತಿದ್ದಳು. ಭಯಕ್ಕೆ ಎಬ್ಬಿಸಿದರೆ ಅದೇನು ಪೂಜೆ? ಜ್ವರ ಬಂದ ಮಗುವಿನ ತಾಯಿಯ ಹಾಗೆ ಕೃಪಾ ಆಗಾಗ ಬಂದು ನೋಡಿ ಹೋದಳು. ನೋಡಿದಾಗೆಲ್ಲ ಗೆರೆ ಸ್ವಲ್ಪ ದಪ್ಪಗಾಗಿತ್ತು.

ಬೆಳಿಗ್ಗೆ ಆರತಿ ತಟ್ಟೆ ಕೆಳಗಿಟ್ಟ ಮರುಕ್ಷಣವೇ ಚಾಕು ಅಡುಗೆಮನೆಯಲ್ಲಿತ್ತು. ಕುಂಕುಮದ ಕೆಳಗೆ ಕಿತ್ತಳೆ ಬಣ್ಣದ ತುಕ್ಕು, ತುದಿಯಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಸಾಣೆಕಲ್ಲನ್ನು ಉಜ್ಜಿ ಬಂದ ನುಣುಪು ಕೆಸರನ್ನು ವೈನ್ ಬಾಟಲಿಯ ಕಾರ್ಕಿಗೆ ಹಚ್ಚಿ, ಒಂದೇ ದಿಕ್ಕಿನಲ್ಲಿ, ಭಾರ ಹಾಕದೆ ಉಜ್ಜಿದಳು. ತುಕ್ಕು ಹೋಯಿತು. ತುದಿಯ ಗುಳಿಗಳು ಹರಿತ ಕೊಡುವಾಗ ಹೋದವು. ಬೊಟ್ಟಿದ್ದ ಜಾಗದಲ್ಲಿ ಮಾತ್ರ ಮಂಜಿನ ಹಿಂದಿನ ಚಂದ್ರನ ಹಾಗೆ ಒಂದು ಬೂದಿ ವೃತ್ತ ಉಳಿಯಿತು. ಇನ್ನೂ ಉಜ್ಜಿದರೆ ಅದೂ ಹೋದೀತು, ಆದರೆ ಜೊತೆಗೆ ಕಪ್ಪು ಬಿಳುಪಿನ ನಡುವೆ ಕಮ್ಮಾರ ಅಷ್ಟು ಜೋಪಾನವಾಗಿ ತೆಗೆದ ಗೆರೆಯೂ ಹೋಗುತ್ತದೆ. ಕೃಪಾ ಕಾರ್ಕನ್ನು ಕೆಳಗಿಟ್ಟಳು.

ಚಾಕು ಒಯ್ಯಲು ಬಂದ ಮಂಜುನಾಥನಿಗೆ ಆದದ್ದನ್ನು ನಾನು ಹೇಳಲೇ ಎಂದು ಬ್ರೆಂಡಾ ಕೇಳಿದಳು. ಬೇಡ ಎಂದು ತಲೆಯಾಡಿಸಿ, ಮೂರು ದಿನದಿಂದ ಅಭ್ಯಾಸ ಮಾಡಿದ್ದ ಮಾತನ್ನು ಕೃಪಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮಂಜುನಾಥ್ ಚಾಕುವನ್ನು ಬೆಳಕಿಗೆ ಹಿಡಿದ. "ಕುಂಕುಮ ಇಟ್ರಾ?"

"ಇಟ್ಟೆ."

"ನಿಂಬೆಹಣ್ಣು?"

"ಅದು ನಮ್ಮನೆಯವರು."

"ಏನ್ ಮೇಡಮ್ಮಾರೆ. ಹುಳಿ ತಾಕುದ್ರೆ ತಕ್ಷಣ ತೊಳೀಬೇಕು ಅಂತ ಒಂದು ವರ್ಷ ನಂಗೆ ಪಾಠ ಹೇಳಿದ್ದು ಯಾರು?"

"ನಾನೇ."

"ಬಯ್ಯಣಾ ಅಂದ್ರೆ ಕುಂಕುಮ ಅಂತೀರಿ. ಚಾಮುಂಡಮ್ಮನ ವಿಷ್ಯ. ಬಾಯೇ ಬರಕಿಲ್ಲ ನಂಗೆ." ಅವನು ಚಾಕುವನ್ನು ಒರೆಗೆ ಸೇರಿಸಿ ಮತ್ತೆ ಹೊರಗೆಳೆದ. ಮುಖದಲ್ಲಿ ನಗು ಇರಲಿಲ್ಲ. "ಆ ಮುದ್ಕ ಭಾರೀ ನಾಜೂಕು. ಅವನ ಮಗ ಕೊಟ್ಟ ಗಾಳದ ಕೋಲಿಗೆ ಒಂದು ಉಂಗುರ ಸಡಿಲ ಐತೆ ಅಂತ ವಾಪಸ್ ಕಳಿಸವ್ನೆ. ಇದನ್ನ ಒಲ್ಲೆ ಅಂದ್ರೆ, ಅಷ್ಟು ಜನರ ಮುಂದೆ ನಾನು ಬರಿಗೈಲಿ ನಿಂತ್ಕಂಡಂಗಾಯ್ತದೆ. ಅವನು ನಂಗೆ ಮಾಡಿರದು ಎಷ್ಟೋ ಐತೆ ಕಣ್ರೀ. ವಾಪಸ್ ಕೊಡದು ಇದೊಂದೇಯ."

"ನಾನೇ ಬಂದು ಅವರಿಗೆ ಹೇಳ್ತೀನಿ," ಎಂದಳು ಕೃಪಾ. ಹೇಳಿದ ಮೇಲೆ, ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಯಿತು.

ಶನಿವಾರ ಡಗ್‌ನ ಮನೆಯ ಮುಂದೆ ಯೂಟ್‌ಗಳು ಸಾಲಾಗಿ ನಿಂತಿದ್ದವು. ಹಿತ್ತಿಲಲ್ಲಿ ಬಾರ್ಬೆಕ್ಯೂ ಹೊಗೆ, ಅದರಾಚೆ ಹೂ ಬಿಟ್ಟ ಸೇಬಿನ ತೋಟ. ಶ್ರೀಕರ್ ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಒಳಗೆ ಹೋದವನು, ಗೋದಾಮು ನಡೆಸುವ ಒಬ್ಬನ ಕೈಗೆ ಸಿಕ್ಕಿ, ಉಷ್ಣಾಂಶದ ಮಾತಿಗೆ ಬಿದ್ದು ಅಲ್ಲೇ ಉಳಿದ. ಕೃಪಾ ಒಬ್ಬಳೇ ಮಂಜುನಾಥನ ಪಕ್ಕ ನಿಂತಳು. ಡಗ್ ಎತ್ತರದ, ಸ್ವಲ್ಪ ಬಾಗಿದ ಮನುಷ್ಯ, ಮಾತು ಕಡಿಮೆ. ಮಂಜುನಾಥ್ ಚಾಕು ಕೊಟ್ಟು, ಇವರು ಒಂದು ವಿಷಯ ಹೇಳಬೇಕಂತೆ ಎಂದ. ಹಿತ್ತಿಲಿನವರೆಲ್ಲ ಅವಳ ಕಡೆ ತಿರುಗಿದರು.

ಕೃಪಾ ಕಣ್ಣನ್ನು ಡಗ್‌ನ ಅಂಗಿಯ ಗುಂಡಿಯ ಮೇಲೆ ಇಟ್ಟು ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಹಬ್ಬ, ಬೊಟ್ಟು, ನಿಂಬೆಹೋಳು, ಎತ್ತದೆ ಬಿಟ್ಟದ್ದು. ಡಗ್ ಹೆಬ್ಬೆರಳಿನಿಂದ ಬೂದಿ ವೃತ್ತವನ್ನು ಸವರಿದ.

"ಆ ದಿನ ಆಯುಧಕ್ಕೆ ಕೆಲಸವಿಲ್ಲವೇ?"

"ಇಲ್ಲ. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನ ರಜೆ."

"ಇದು ಇನ್ನೂ ಏನೂ ದುಡಿದೇ ಇಲ್ಲವಲ್ಲ."

ಸುತ್ತ ನಿಂತವರು ನಕ್ಕರು. ಡಗ್ ನಗಲಿಲ್ಲ. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಚಾಕುವನ್ನು ಬಲಗೈಯಲ್ಲಿ ಹಿಡಿದ. ಮೂರು ಬೆರಳು ಹಿಡಿಯನ್ನು ಸುತ್ತಿದವು. ಉಳಿದೆರಡು ದಪ್ಪ ಭಾಗದ ಮೇಲೆ ಒರಗಿ ಕೂತವು. ಅವನು ಕೈಯನ್ನು ಒಂದು ಸಲ ನೋಡಿಕೊಂಡ, ಆಮೇಲೆ ಮಂಜುನಾಥನನ್ನು ನೋಡಿದ. ಮೇಜಿನ ಹತ್ತಿರ ಹೋಗಿ ಒಂದು ಟೊಮೇಟೊ ಹೆಚ್ಚಿದ. ಆಮೇಲೆ ಇನ್ನೊಂದು, ಕಾಗದದಷ್ಟು ತೆಳ್ಳಗೆ. ಡಗ್ ಅಲಗನ್ನು ತೊಡೆಗೆ ಎರಡು ಸಲ ಸವರಿ, ಸೀದಾ ಒರೆಯೊಳಗೆ ನೂಕಿದ.

"ಅಯ್ಯೋ, ಒದ್ದೇಲಿ ಹಾಕಬೇಡಿ," ಎಂದಳು ಕೃಪಾ ಕನ್ನಡದಲ್ಲಿ, ಹಿತ್ತಿಲಿಗೆಲ್ಲ ಕೇಳುವ ಹಾಗೆ. ಮುಂದೆ ಹೋಗಿ ಅವನ ಕೈಯಿಂದ ಚಾಕು ತೆಗೆದುಕೊಂಡೂ ಬಿಟ್ಟಳು.

ಡಗ್ ಮಂಜುನಾಥನ ಕಡೆ ತಿರುಗಿದ. ಒದ್ದೆ ಇರುವಾಗ ಒರೆಗೆ ಹಾಕಬಾರದಂತೆ ಎಂದು ಮಂಜುನಾಥ್ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ.

"ಒರೆಸಿದೆನಲ್ಲ," ಎಂದ ಡಗ್.

"ಪ್ಯಾಂಟಿಗೆ ಒರೆಸಿದ್ದು ಒರೆಸಿದ್ದಲ್ಲ," ಎಂದಳು ಕೃಪಾ. ಈ ಸಲ ಇಂಗ್ಲಿಷಿನಲ್ಲೇ, ಅಭ್ಯಾಸವಿಲ್ಲದೆ, ಅವನ ಕಣ್ಣನ್ನೇ ನೋಡುತ್ತಾ. "ಟೊಮೇಟೊ ಹುಳಿಯಲ್ಲವೇ? ಈ ಮರ ನೀರು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ನಾನು ಒಂದು ದಿನದಲ್ಲಿ ಮಾಡಿದ್ದನ್ನು ನೀವು ಊಟ ಮುಗಿಯುವುದರೊಳಗೆ ಶುರುಮಾಡಿದಿರಿ. ಮೊದಲಿನ ಚಾಕುಗಳನ್ನೂ ಹೀಗೇ ಇಟ್ಟುಕೊಂಡಿದ್ದಿರಾ?"

ಯಾರೋ ಹಿಂದಿನಿಂದ, ಗ್ಯಾರೇಜಿನ ಬಕೆಟ್ ತೋರಿಸು ಡಗ್ ಎಂದರು. ಡಗ್‌ನ ಕಿವಿ ಕೆಂಪಾಯಿತು. ಮತ್ತೊಬ್ಬ ಹೋಗಿ ಬಕೆಟ್ಟನ್ನೇ ತಂದು ಹುಲ್ಲಿನ ಮೇಲಿಟ್ಟ. ಅದರ ತುಂಬ ಚಾಕುಗಳು, ಹೊಳೆಯಲ್ಲಿ ಹೋಗದೆ ಉಳಿದವು, ಇಟ್ಟಿಗೆ ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಗಾಳದ ಕೋಲಿನ ಉಂಗುರ ನೋಡುವ ಮನುಷ್ಯ ಇದನ್ನು ಹೇಗೆ ನೋಡದೆ ಬಿಟ್ಟ ಎಂದು ಕೃಪಾಳಿಗೆ ತಿಳಿಯಲಿಲ್ಲ. ಅವಳು ಹೊಸ ಚಾಕುವನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡಳು.

"ನೀವು ಕಲಿಯುವವರೆಗೆ ಇದನ್ನು ಕೊಡುವುದಿಲ್ಲ."

"ಮೇಡಮ್ಮಾರೆ, ಅದು ನನ್ನ ಗಿಫ್ಟು ಕಣ್ರೀ," ಎಂದ ಮಂಜುನಾಥ್.

"ಗೊತ್ತು ಮಂಜಣ್ಣ. ಸ್ವಲ್ಪ ಸುಮ್ಮನಿರಿ."

ಡಗ್ ಅವಳನ್ನೂ ಬಕೆಟ್ಟನ್ನೂ ನೋಡಿದ. ಆಮೇಲೆ ಅಂಗಿಯ ತೋಳು ಮಡಿಸಿಕೊಂಡು ಅಡುಗೆಮನೆಯ ಸಿಂಕಿನ ಕಡೆ ನಡೆದ. ಹಿಂದೆ ಕೃಪಾ, ಅವಳ ಹಿಂದೆ ಮಂಜುನಾಥ್, ಬಾಗಿಲಿನ ತುಂಬ ಇಣುಕುವ ತಲೆಗಳು. ಕೇಕಿನ ಮೇಲೆ ಮೇಣದ ಬತ್ತಿಗಳು ಹಚ್ಚದೆ ಕಾಯುತ್ತಿದ್ದವು. ಬಿಸಿನೀರು, ಒಂದೇ ಹನಿ ಸೋಪು, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಬಟ್ಟೆ. ಹಿಡಿ ಸೇರುವ ಕಡೆ ನೀರು ನಿಂತಿರುತ್ತದೆ, ಅಲ್ಲಿ ಮತ್ತೊಮ್ಮೆ. ಕೃಪಾ ತನ್ನ ಚೀಲದಿಂದ ಸಣ್ಣ ಬಾಟಲಿ ತೆಗೆದು ಎಣ್ಣೆ ಕೊಟ್ಟಳು. ಡಗ್ ಅಂಗೈ ತುಂಬ ಸುರಿದುಕೊಂಡ. ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೀರಾ ಎಂದು ಅವಳು ಕೇಳಿದಳು. ಎಲ್ಲ ತೊಳೆದು ಮೊದಲಿನಿಂದ ಶುರು. ಈ ಸಲ ಅವನು ಒಂದು ತೊಟ್ಟು ಎಣ್ಣೆಯನ್ನು ಮಡಿಸಲಾಗದ ಕಿರುಬೆರಳಿನ ತುದಿಗೆ ಹಾಕಿಕೊಂಡು, ಕುಂಚದ ಹಾಗೆ ನೆಟ್ಟಗೆ ಹಿಡಿದು, ಅಲಗಿನುದ್ದಕ್ಕೂ ಸವರಿದ. ಕೃಪಾಳಿಗೂ ಅದು ಹೊಳೆದಿರಲಿಲ್ಲ.

"ಈಗ ಇದು ನನ್ನದೇ?" ಎಂದು ಡಗ್ ಕೇಳಿದ. ಕೇಳಿದ್ದು ಅವಳನ್ನು.

ಕೃಪಾ ಮಂಜುನಾಥನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಯುವ ಹಾಗೆ ನಗುತ್ತಿದ್ದ.

"ಆ ಕಡೆ ಇನ್ನೊಂದು ಸಲ ಒರೆಸಿ," ಎಂದಳು ಕೃಪಾ.

ಡಗ್ ಅಲಗನ್ನು ತಿರುಗಿಸಿಕೊಂಡು ಒರೆಸತೊಡಗಿದ.